ಗುರಿ: ಊರಿಗೆಲ್ಲ ಸಾರಬೇಕೇ, ಗುಟ್ಟಾಗಿಡಬೇಕೇ?

"ವಕೀಲನಾಗುತ್ತೇನೆ", "ಬರಹಗಾರ್ತಿಯಾಗುತ್ತೇನೆ" ಎಂಬಂಥ, ನಮ್ಮ ಗುರುತಿಗೇ ತಳುಕು ಹಾಕಿಕೊಂಡ ಗುರಿಯಾದರೆ ಗುಟ್ಟೇ ಮೇಲು. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ತಂಡ 2009ರಲ್ಲಿ ಕಾನೂನು ವಿದ್ಯಾರ್ಥಿಗಳನ್ನೂ ಸೇರಿಸಿಕೊಂಡು ಪ್ರಯೋಗ ಮಾಡಿತ್ತು. ಸಂಕಲ್ಪವನ್ನು ಬೇರೆಯವರು ಗಮನಿಸಿದಾಗ ಶ್ರಮ ಕಡಿಮೆಯಾಯಿತು; ಅದೂ ಗುರಿಗೆ ಗಟ್ಟಿಯಾಗಿ ಅಂಟಿಕೊಂಡವರಲ್ಲಿ! ನಾಲ್ಕು ಜನ ತಲೆದೂಗಿದರೆ ಆಗಲೇ ಅರ್ಧ ವಕೀಲರಾದ ಭಾವ ಬಂದುಬಿಡುತ್ತದೆ. ದುಬಾರಿ ಪೆನ್ನು, ಹೊಸ ಪ್ರೊಫೈಲ್ ಸಾಲು ಕೂಡ ಇದೇ ಸುಳ್ಳು ತೃಪ್ತಿ ಕೊಡಬಲ್ಲವು.

ಹೇಳಲೇಬೇಕೆಂದರೆ ಪಟ್ಟವನ್ನಲ್ಲ, ಕೆಲಸವನ್ನು ಹೇಳಿ: "ರಾತ್ರಿ ಊಟವಾದ ಕೂಡಲೇ 300 ಪದ ಬರೆಯುತ್ತೇನೆ, ಭಾನುವಾರ ಹಾಳೆ ನೋಡು." ಕೇಳುವವರು ಒಬ್ಬರೇ ಸಾಕು, ಹೊಗಳುಭಟರು ಬೇಡ. ಹೊತ್ತು, ಜಾಗ ಗೊತ್ತುಮಾಡದ "ದಿನಾ ಬರೆಯುತ್ತೇನೆ" ಎರಡೇ ವಾರಕ್ಕೆ ಸೋರಿಹೋಗಬಹುದು.

ಸಾಲ ತೀರಿಸುವಂಥ ಗುರಿಗೆ ಈ ಅಪಾಯ ಕಡಿಮೆ. ಅಲ್ಲಿ ತಿಂಗಳಿಗೊಮ್ಮೆ ಲೆಕ್ಕ ಕೇಳುವವರಿದ್ದರೆ ಲಾಭವೇ.