ಬಾಡಿಗೆದಾರರು ಹೋದ ಮೇಲೆ ಒಡೆದ ಪೈಪು: ಚಳಿಗೆ ಮುಂಚೆ ಓದಿ

ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಕಡೆ ಮನೆ ಬಾಡಿಗೆಗೆ ಕೊಟ್ಟಿದ್ದೀರಾ? ಹಾಗಿದ್ದರೆ ಒಂದು ಮನೆಯಲ್ಲಿ ಆದದ್ದನ್ನು ಕೇಳಿ. ಬಾಡಿಗೆದಾರರು ಖಾಲಿ ಮಾಡಿದರು, ಹೋಗುವಾಗ ತಮ್ಮ ಹೆಸರಿನಲ್ಲಿದ್ದ ಕರೆಂಟ್ ಸಂಪರ್ಕ ರದ್ದು ಮಾಡಿಸಿದರು. ಅವರು ಮಾಡಿದ್ದು ಸರಿಯೇ. ಮಾಲೀಕರು ಮನೆಯ ಬಿಸಿ ಹಿಡಿತದಲ್ಲಿಡುವ ಥರ್ಮೋಸ್ಟಾಟನ್ನು 13 ಡಿಗ್ರಿಗೆ ಇಟ್ಟು ಬೀಗ ಹಾಕಿದ್ದರು. ಮನೆ ಬಿಸಿ ಮಾಡುವ ಒಲೆ, ಅಂದರೆ ಫರ್ನೇಸ್, ಗ್ಯಾಸಿನದು, ಗ್ಯಾಸ್ ಬರುತ್ತಿದೆ, ಇನ್ನೇನು ಭಯ ಅಂದುಕೊಂಡರು. ಆದರೆ ಗ್ಯಾಸ್ ಫರ್ನೇಸಿಗೂ ಬೆಂಕಿ ಹೊತ್ತಿಸಲು, ಬಿಸಿಗಾಳಿ ಊದುವ ಬ್ಲೋವರ್ ತಿರುಗಿಸಲು ಕರೆಂಟ್ ಬೇಕು. ಕರೆಂಟ್ ನಿಂತ ದಿನದಿಂದಲೇ ಮನೆ ತಣ್ಣಗಾಗತೊಡಗಿತು. ಅಡುಗೆಮನೆಯ ಹೊರಗೋಡೆಯೊಳಗಿನ ಪೈಪು ಹೆಪ್ಪುಗಟ್ಟಿ ಒಡೆಯಿತು. ನಾಲ್ಕಾರು ದಿನ ಕಳೆದು ಬಿಸಿಲು ಬಂದಾಗ ಮಂಜುಗಡ್ಡೆ ಕರಗಿ ನೀರು ಹರಿಯಿತು. ಮುಖ್ಯ ವಾಲ್ವ್ ತೆರೆದೇ ಇತ್ತು. ನಿಮಿಷಕ್ಕೆ 15 ಲೀಟರ್ ಎಂದು ಹಿಡಿದರೂ ದಿನಕ್ಕೆ 21,600 ಲೀಟರ್. ನೆಲದ ಹಲಗೆ ಉಬ್ಬಿತು, ಗೋಡೆಯ ಬೋರ್ಡು ಮೆತ್ತಗಾಗಿ ಕಳಚಿತು, ಬೂಸ್ಟು ಹಿಡಿಯಿತು.

ನೀರು ಮಂಜುಗಡ್ಡೆಯಾಗುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಆದರೆ ಪೈಪು ಸಾಮಾನ್ಯವಾಗಿ ಗಡ್ಡೆ ಇರುವ ಜಾಗದಲ್ಲೇ ಸೀಳುವುದಿಲ್ಲ. ಗಡ್ಡೆ ಬೆಳೆಯುತ್ತಾ ತನ್ನ ಮುಂದಿನ ನೀರನ್ನು ಮುಚ್ಚಿದ ನಲ್ಲಿಯ ಕಡೆಗೆ ಒತ್ತುತ್ತದೆ, ಆ ನೀರಿಗೆ ಹೋಗಲು ದಾರಿಯಿಲ್ಲ, ಒತ್ತಡ ಏರಿ ಎಲ್ಲಿ ಬಲಹೀನವೋ ಅಲ್ಲಿ ಒಡೆಯುತ್ತದೆ. ಜನವಿರುವ ಮನೆಯಲ್ಲಿ ಕಡುಚಳಿಯ ರಾತ್ರಿ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಿ ಎನ್ನುವುದು ಈ ಒತ್ತಡ ಇಳಿಸಲೆಂದೇ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ ಎನ್ನುವುದು ಕೋಣೆಯ ಬಿಸಿ ಪೈಪಿಗೆ ತಲುಪಲೆಂದು. ಇದನ್ನು ಬಾಡಿಗೆದಾರರಿಗೆ ಬರೆದು ಕೊಡಿ. ಬಾಯಲ್ಲಿ ಹೇಳಿದ್ದು ನೆನಪಿರುವುದಿಲ್ಲ. ಉಷ್ಣ ನಿರೋಧಕ ಹಾಕುವಾಗಲೂ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ: ಹತ್ತಿಯಂಥ ಪದರವನ್ನು ಪೈಪಿಗೂ ಕೋಣೆಗೂ ನಡುವೆ ತುರುಕುತ್ತಾರೆ. ಪದರ ಇರಬೇಕಾದ್ದು ಪೈಪಿಗೂ ಹೊರಗೋಡೆಗೂ ನಡುವೆ. ತಿರುಗಾ ಮುರುಗಾ ಆದರೆ ಮನೆಯ ಬಿಸಿ ಪೈಪಿಗೆ ಸಿಗದೆ ಇನ್ನೂ ಬೇಗ ಹೆಪ್ಪುಗಟ್ಟುತ್ತದೆ.

ಮನೆ ಖಾಲಿ ಇರುವುದಾದರೆ ಎರಡೇ ದಾರಿ. ಕರೆಂಟನ್ನು ಅದೇ ದಿನ ನಿಮ್ಮ ಹೆಸರಿಗೆ ಮಾಡಿಸಿ, 13 ಡಿಗ್ರಿಗೆ ಕಡಿಮೆಯಾಗದಂತೆ ಬಿಸಿ ಇಟ್ಟು, ಥರ್ಮೋಸ್ಟಾಟಿನ ಬ್ಯಾಟರಿ ಬದಲಿಸಿ, ವಾರಕ್ಕೊಮ್ಮೆ ಯಾರಾದರೂ ಒಳಗೆ ಹೋಗಿ ನೋಡುವುದು. ಇಲ್ಲವೇ ನೀರನ್ನು ಪೂರ್ತಿ ಬಸಿಯುವುದು. ಮುಖ್ಯ ವಾಲ್ವ್ ಮುಚ್ಚಿದರೆ ಸಾಕೆಂದು ಅರ್ಧಕ್ಕೆ ನಿಲ್ಲಿಸುವವರೇ ಹೆಚ್ಚು. ವಾಲ್ವ್ ಮುಚ್ಚಿದರೂ ಪೈಪಿನೊಳಗೆ ನಿಂತ ನೀರು ನಿಂತೇ ಇರುತ್ತದೆ. ಅದು ಹೆಪ್ಪುಗಟ್ಟಿ ಪೈಪು ಒಡೆದದ್ದು ತಿಳಿಯುವುದು ಹೊಸ ಬಾಡಿಗೆದಾರರು ವಾಲ್ವ್ ತೆರೆದಾಗ, ಮೂರು ಕಡೆ ಒಟ್ಟಿಗೆ.

ಬಸಿಯುವಾಗ ಮೊದಲು ನೀರಿನ ಹೀಟರಿನ ಕರೆಂಟ್ ಅಥವಾ ಗ್ಯಾಸ್ ಆರಿಸಿ. ನೀರಿಲ್ಲದ ಟ್ಯಾಂಕಿನಲ್ಲಿ ಕಾಯಿಲ್ ಹೊತ್ತಿ ಹಾಳಾಗಲು ಕೆಲವೇ ನಿಮಿಷ ಸಾಕು. ಮುಖ್ಯ ವಾಲ್ವ್ ಮುಚ್ಚಿ. ಮನೆಯಲ್ಲಿ ಎಲ್ಲಕ್ಕಿಂತ ಎತ್ತರದ ನಲ್ಲಿಯನ್ನು ತೆರೆಯಿರಿ, ಗಾಳಿ ಒಳಗೆ ಹೋಗಬೇಕು. ಆಮೇಲೆ ಎಲ್ಲಕ್ಕಿಂತ ತಗ್ಗಿನದು, ಆಮೇಲೆ ಉಳಿದೆಲ್ಲವೂ, ಬಿಸಿ ತಣ್ಣೀರು ಎರಡೂ, ಶವರ್ ಕೂಡ. ಟ್ಯಾಂಕಿನ ನೀರು ತಣಿದ ಮೇಲೆ ಕೆಳಗಿನ ಬಸಿ ನಲ್ಲಿಗೆ ಹೋಸ್ ಹಾಕಿ ಖಾಲಿ ಮಾಡಿ. ಟಾಯ್ಲೆಟ್ಟನ್ನು ಫ್ಲಷ್ ಮಾಡಿ ಟ್ಯಾಂಕಿನ ತಳದಲ್ಲಿ ಉಳಿದದ್ದನ್ನು ಸ್ಪಂಜಿನಿಂದ ಹೀರಿಸಿ. ವಾಷಿಂಗ್ ಮಷಿನ್ ಮತ್ತು ಡಿಶ್‌ವಾಷರ್‌ನ ಪಂಪಿನೊಳಗೂ ನೀರು ನಿಲ್ಲುತ್ತದೆ, ಮರೆಯಬೇಡಿ. ಬಾಗಿ ತೂಗಿದ ಪೈಪುಗಳಲ್ಲಿ ಉಳಿದ ನೀರನ್ನು ಕಂಪ್ರೆಸರಿನಿಂದ ಊದಿ ತೆಗೆಯಬೇಕು, 3 ಬಾರ್ ಒತ್ತಡ ಮೀರಬಾರದು. ಬಿಸಿನೀರು ರೇಡಿಯೇಟರ್ ಅಥವಾ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಇದ್ದರೆ ಅದನ್ನು ಬಲ್ಲವರ ಕೈಗೇ ಬಿಡಿ.

ಪೈಪು ಒಣಗಿದರೂ ಸಿಂಕಿನ ಕೆಳಗಿನ ಟ್ರ್ಯಾಪಿನಲ್ಲಿ, ಅಂದರೆ ಯು ಆಕಾರದಲ್ಲಿ ಬಾಗಿದ ಚರಂಡಿ ಪೈಪಿನಲ್ಲಿ, ನೀರು ಉಳಿದಿರುತ್ತದೆ. ಒಂದೊಂದು ಟ್ರ್ಯಾಪಿಗೆ ಅರ್ಧ ಲೀಟರಿನಷ್ಟು, ಟಾಯ್ಲೆಟ್ ಬೋಗುಣಿಗೆ ಒಂದು ಲೀಟರಿನಷ್ಟು, ನೀರು ಹೆಪ್ಪುಗಟ್ಟದಂತೆ ತಡೆಯಲು ಪೈಪುಗಳಿಗೆಂದೇ ಬರುವ ಪ್ರೊಪಿಲೀನ್ ಗ್ಲೈಕಾಲ್ ದ್ರವ ಸುರಿಯಿರಿ. ಕಾರಿನ ಎಥಿಲೀನ್ ಗ್ಲೈಕಾಲ್ ಖಂಡಿತ ಬೇಡ, ಅದು ವಿಷ, ಸಿಹಿಯಾಗಿರುವುದರಿಂದ ಸಾಕುಪ್ರಾಣಿಗಳು ನೆಕ್ಕುತ್ತವೆ. ಟ್ರ್ಯಾಪನ್ನು ಬರಿದಾಗಿಯೂ ಬಿಡಬೇಡಿ. ಚರಂಡಿಯ ಗ್ಯಾಸ್ ಮನೆಯೊಳಗೆ ಬರುತ್ತದೆ.

ವಿಮೆಯ ಕಾಗದವನ್ನು ಈಗಲೇ ತೆಗೆದು ಓದಿ. ಎಷ್ಟೋ ಪಾಲಿಸಿಗಳಲ್ಲಿ ಮನೆ 30 ಅಥವಾ 60 ದಿನ ಖಾಲಿ ಇದ್ದರೆ ಹೆಪ್ಪುಗಟ್ಟಿದ ಪೈಪಿನ ಹಾನಿಗೆ ಪರಿಹಾರವಿಲ್ಲ, ಅಥವಾ ಬಿಸಿ ಇಟ್ಟಿದ್ದನ್ನು, ನೀರು ಬಸಿದಿದ್ದನ್ನು ತೋರಿಸಬೇಕು. ಬಸಿದ ದಿನವೇ ತೆರೆದ ನಲ್ಲಿ, ಮುಚ್ಚಿದ ವಾಲ್ವ್, ಖಾಲಿ ಟ್ಯಾಂಕಿನ ಫೋಟೋ ತೆಗೆದಿಡಿ.

ಹೊರಗಿನ ತೋಟದ ನಲ್ಲಿಯನ್ನು ಎಲ್ಲರೂ ಕೊನೆಗೆ ನೋಡುತ್ತಾರೆ. ಹೆಪ್ಪುಗಟ್ಟದಂತೆ ಮಾಡಿದ ಉದ್ದ ಕೊಳವೆಯ ನಲ್ಲಿಯಾದರೂ ಹೋಸ್ ಸಿಕ್ಕಿಸಿಯೇ ಬಿಟ್ಟರೆ ಒಳಗಿನ ನೀರು ಬಸಿಯದೆ ನಿಂತು, ಗೋಡೆಯೊಳಗೆ ಕೊಳವೆ ಸೀಳುತ್ತದೆ. ನೀರು ತಡೆಯುವ ವಾಲ್ವ್ ಸೀಳಿದ ಜಾಗಕ್ಕಿಂತ ಇನ್ನೂ ಒಳಗೆ ಇರುವುದರಿಂದ ಚಳಿಗಾಲವಿಡೀ ಒಂದು ಹನಿಯೂ ಸೋರುವುದಿಲ್ಲ. ವಸಂತದಲ್ಲಿ ಗಿಡಕ್ಕೆ ನೀರು ಹಾಕಲು ನಲ್ಲಿ ತಿರುಗಿಸಿದಾಗ ಅರ್ಧ ನೀರು ಹೋಸಿಗೆ, ಅರ್ಧ ಗೋಡೆಯೊಳಕ್ಕೆ ಹೋಗುತ್ತದೆ. ಹೋಸ್ ಕಳಚಲು ಅರ್ಧ ನಿಮಿಷ ಬೇಕು.