ಡಿಸ್ಕೌಂಟ್ ಸಿಕ್ಕಿತು ಅಂತ ಸಹಿ ಹಾಕುವ ಮುಂಚೆ ಕೊಟೇಶನ್ನಿನ ಕೆಳಗಿನ ಸಾಲು ನೋಡಿ

ದಸರಾ, ದೀಪಾವಳಿ ಬಂತು ಅಂದ್ರೆ ಹೊಸ ಕಾರು ತಗೊಳ್ಳುವವರು ಜಾಸ್ತಿ. ನಿಮ್ಮ ಮನೆಯಲ್ಲೂ ಮಾತು ನಡೀತಿದ್ರೆ ದಯವಿಟ್ಟು ಇದನ್ನೊಮ್ಮೆ ಓದಿ, ಆಮೇಲೆ ಶೋರೂಮಿಗೆ ಹೋಗಿ.

ನಮ್ಮ ಅಕ್ಕ, ಭಾವ ಹೋದ ದಸರಾಕ್ಕೆ ದಾವಣಗೆರೆಯಲ್ಲಿ ಕಾರು ತಗೊಂಡರು. 45 ಸಾವಿರ ಡಿಸ್ಕೌಂಟ್ ಸಿಕ್ಕಿತು ಅಂತ ಊರವರಿಗೆಲ್ಲ ಪೇಡಾ ಹಂಚಿದರು. ದೀಪಾವಳಿಗೆ ಊರಿಗೆ ಹೋದಾಗ ಭಾವ ಫೈಲು ಕೊಟ್ಟು "ಇದೆಲ್ಲ ಸರಿ ಇದೆಯಾ ನೋಡು ಮಾರಾಯ" ಅಂದರು. ಕೂತು ಲೆಕ್ಕ ಹಾಕಿದೆ. ಆ 45 ಸಾವಿರವನ್ನು ಶೋರೂಮಿನವರು ಬೇರೆ ಬೇರೆ ಸಾಲುಗಳಲ್ಲಿ ಪೂರ್ತಿ ವಸೂಲಿ ಮಾಡಿಕೊಂಡಿದ್ದರು. ಅದು ಸಾಲದು ಅಂತ ಲೋನಿನಲ್ಲೂ ಕೈ ಹಾಕಿದ್ದರು.

ಭಾವ ಚೌಕಾಸಿಯಲ್ಲಿ ಕಮ್ಮಿ ಇಲ್ಲ. ಸಂತೆಯಲ್ಲಿ ಅವರ ಜೊತೆ ಹೋದರೆ ನಮಗೇ ಮುಜುಗರ ಆಗುತ್ತೆ, ಅಷ್ಟು ಕೇಳುತ್ತಾರೆ. ಆದರೆ ಶೋರೂಮಿನಲ್ಲಿ ಚೌಕಾಸಿ ನಡೆದದ್ದು ಎಕ್ಸ್-ಶೋರೂಂ ಬೆಲೆಯ ಮೇಲೆ ಮಾತ್ರ, ಅಂದ್ರೆ ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಸೇರುವ ಮುಂಚಿನ ಬೆಲೆ. ದುಡ್ಡು ಹೋದದ್ದು ಅದರ ಕೆಳಗಿನ ಸಾಲುಗಳಲ್ಲಿ. ಶೋರೂಂ ಯಾವುದು ಅಂತ ಕೇಳಬೇಡಿ. ಬೇರೆ ಊರುಗಳ ಗೆಳೆಯರ ಕೊಟೇಶನ್ ತರಿಸಿ ನೋಡಿದೆ, ಕಂಪನಿ ಬೇರೆ, ಸಾಲುಗಳು ಅವೇ.

ಒಂದು ಕಡೆ ಮಾತ್ರ ಅಕ್ಕ ಅವರನ್ನು ತಡೆದಳು. ಅದನ್ನು ಮೊದಲು ಹೇಳ್ತೀನಿ. ಇವರು ಒಪ್ಪಿದ್ದ ವೇರಿಯಂಟ್ 9 ಲಕ್ಷ 90 ಸಾವಿರದ್ದು. ಸೇಲ್ಸ್ ಹುಡುಗ ಬಂದು, "ಆಂಟಿ, ಬರೀ 20 ಸಾವಿರ ಜಾಸ್ತಿ ಹಾಕಿದ್ರೆ ಮೇಲಿನ ಮಾಡೆಲ್ ಬರುತ್ತೆ, ಇಎಂಐ ನಾನೂರು ರೂಪಾಯಿನೂ ಜಾಸ್ತಿ ಆಗಲ್ಲ" ಅಂದ. ಅಕ್ಕ, "ಎರಡಕ್ಕೂ ಎಲ್ಲ ಸೇರಿ ಆನ್-ರೋಡ್ ಎಷ್ಟಾಗುತ್ತೆ ಬರೆದು ಕೊಡಪ್ಪ" ಅಂದಳು. ಬರೆದ ಮೇಲೆ ಬಂಡವಾಳ ಬಯಲಾಯಿತು. ಕರ್ನಾಟಕದಲ್ಲಿ ಕಾರಿನ ಲೈಫ್ ಟ್ಯಾಕ್ಸ್ 5ರಿಂದ 10 ಲಕ್ಷದವರೆಗೆ 14 ಪರ್ಸೆಂಟ್, 10 ಲಕ್ಷ ದಾಟಿದರೆ 20 ಲಕ್ಷದವರೆಗೆ 17 ಪರ್ಸೆಂಟ್. ಆ ಟ್ಯಾಕ್ಸಿನ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್. ದಾಟಿದ ಭಾಗಕ್ಕೆ ಮಾತ್ರ ಅಲ್ಲ, ಇಡೀ ಬೆಲೆಗೇ 17. ಹಾಗಾಗಿ 9.90 ಲಕ್ಷದ ಗಾಡಿಗೆ ಟ್ಯಾಕ್ಸ್ 1,53,846 ರೂಪಾಯಿ. 10.10 ಲಕ್ಷದ ಗಾಡಿಗೆ 1,90,587. 'ಬರೀ 20 ಸಾವಿರ' ಅನ್ನೋದು ನಿಜವಾಗಿ 57 ಸಾವಿರದ ಹತ್ತಿರ. ಇದರ ಜೊತೆ ಬಿಲ್ 10 ಲಕ್ಷ ದಾಟಿದರೆ 1 ಪರ್ಸೆಂಟ್ ಟಿಸಿಎಸ್ (ಮಾರುವವರು ನಿಮ್ಮ ಲೆಕ್ಕಕ್ಕೆ ಮೊದಲೇ ವಸೂಲಿ ಮಾಡುವ ಆದಾಯ ತೆರಿಗೆ) ಬೇರೆ ಕಟ್ಟಿಸಿಕೊಳ್ಳುತ್ತಾರೆ. ಅದು ನಿಮ್ಮದೇ ದುಡ್ಡು, ಐಟಿ ರಿಟರ್ನ್ ಹಾಕುವಾಗ ಕ್ಲೇಮ್ ಮಾಡಬಹುದು. ಎಷ್ಟೋ ಜನ ಅದನ್ನು ಕಾರಿನ ಬೆಲೆ ಅಂದುಕೊಂಡು ಬಿಟ್ಟೇ ಬಿಡುತ್ತಾರೆ.

ಇನ್ನು ಮೋಸ ಹೋದ ಸಾಲುಗಳು.

ಕೊಟೇಶನ್ನಿನಲ್ಲಿ 'ಆರ್‌ಟಿಒ' ಅಂತ ಒಂದೇ ಸಾಲು. ಮುಂದೆ 1,68,000. ಟ್ಯಾಕ್ಸ್ ಎಷ್ಟು ಅಂತ ಆಗಲೇ ಹೇಳಿದೆನಲ್ಲ. ಕಾರಿನ ರಿಜಿಸ್ಟ್ರೇಷನ್ ಫೀ 600 ರೂಪಾಯಿ. ಲೋನ್ ಇದ್ದರೆ ಹೈಪೋಥಿಕೇಶನ್, ಅಂದ್ರೆ ಗಾಡಿಯ ಮೇಲೆ ಸಾಲ ಇದೆ ಅನ್ನುವ ನಮೂದಿಗೆ 1,500. ಸ್ಮಾರ್ಟ್ ಕಾರ್ಡಿಗೆ 200. ಇನ್ನೂ ಸಣ್ಣಪುಟ್ಟದ್ದು ಸೇರಿಸಿದರೂ ಹತ್ತು ಸಾವಿರದಷ್ಟು ಎಲ್ಲಿ ಹೋಯಿತು ಅಂತ ಲೆಕ್ಕ ಸಿಗಲಿಲ್ಲ. ಕೇಳಿದರೆ, "ಆರ್‌ಟಿಒ ಆಫೀಸಿನಲ್ಲಿ ಖರ್ಚು ಇರುತ್ತಲ್ಲ ಸರ್" ಅಂತ ದನಿ ತಗ್ಗಿಸಿ ಹೇಳುತ್ತಾರೆ. ಅಂಥ ಖರ್ಚಿಗೆ ನೀವು ಯಾಕೆ ಕೊಡಬೇಕು? ಟ್ಯಾಕ್ಸ್ ಎಲ್ಲ ಸರ್ಕಾರದ ವಾಹನ್ ಪೋರ್ಟಲ್‌ನಲ್ಲೇ ಕಟ್ಟುವುದು. ರಸೀದಿ ಬರುತ್ತೆ. "ರಸೀದಿಯಲ್ಲಿ ಎಷ್ಟಿದೆಯೋ ಅಷ್ಟು ಕೊಡ್ತೀವಿ" ಅನ್ನಿ, ಸಾಕು.

ಹ್ಯಾಂಡ್ಲಿಂಗ್ ಚಾರ್ಜ್ 8,500. ಕೆಲವು ಕಡೆ ಇದಕ್ಕೆ ಲಾಜಿಸ್ಟಿಕ್ಸ್, ಡಿಪೋ ಚಾರ್ಜ್, ಫೆಸಿಲಿಟೇಶನ್ ಅಂತೆಲ್ಲ ಹೆಸರು. ಫ್ಯಾಕ್ಟರಿಯಿಂದ ಶೋರೂಮಿಗೆ ಗಾಡಿ ತರುವ ಖರ್ಚು ಎಕ್ಸ್-ಶೋರೂಂ ಬೆಲೆಯಲ್ಲೇ ಸೇರಿರುತ್ತೆ. ಇದನ್ನು ತೆಗೆಸಲು ಒಂದೇ ಮಾತು ಸಾಕು: "ಇದನ್ನು ಜಿಎಸ್‌ಟಿ ಬಿಲ್ಲಿನಲ್ಲಿ ಹಾಕಿ ಕೊಡಿ." ಭಾವನಿಗೆ ಕೊಟ್ಟ ಅಸಲಿ ಬಿಲ್ಲಿನಲ್ಲಿ ಆ ಸಾಲೇ ಇರಲಿಲ್ಲ. ಬಿಳಿ ಹಾಳೆಯ ಕೊಟೇಶನ್ನಿನಲ್ಲಿ ಮಾತ್ರ ಇತ್ತು.

ಬೇಸಿಕ್ ಕಿಟ್ 18,900. 'ಬೇಸಿಕ್' ಅಂದ್ರೆ ಕಡ್ಡಾಯ ಅಂತ ಭಾವ ತಿಳಿದಿದ್ದರು. ಅದರಲ್ಲಿ ಇದ್ದದ್ದು ಮ್ಯಾಟ್, ಮಡ್ ಫ್ಲಾಪ್, ಬಾಡಿ ಕವರ್, ಬಾಗಿಲಿನ ಅಂಚಿಗೆ ಹಚ್ಚುವ ಪಟ್ಟಿ, ಒಂದು ಪರ್ಫ್ಯೂಮ್ ಬಾಟಲಿ. ಜೊತೆಗೆ 'ಟೆಫ್ಲಾನ್ ಕೋಟಿಂಗ್' ಅಂತ ಬರೆದಿದ್ದರು. ಅದನ್ನು ಹೊಡೆದರೋ ಇಲ್ಲವೋ ನೋಡಿದವರು ಯಾರೂ ಇಲ್ಲ. ಇದೇ ಸಾಮಾನು ಹೊರಗಡೆ ಆಕ್ಸೆಸರೀಸ್ ಅಂಗಡಿಯಲ್ಲಿ ಏಳು ಸಾವಿರ ದಾಟಲ್ಲ. ಇದರಲ್ಲೇ ಫಾಸ್ಟ್ಯಾಗ್ ಮತ್ತು ನಂಬರ್ ಪ್ಲೇಟಿಗೂ ಬೇರೆ ದುಡ್ಡು ಸೇರಿಸಿದ್ದರು. 2019ರ ಏಪ್ರಿಲ್ 1ರಿಂದ ತಯಾರಾದ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ ಪ್ಲೇಟನ್ನು ಗಾಡಿ ತಯಾರಿಸಿದ ಕಂಪನಿಯೇ ಒದಗಿಸಬೇಕು ಅಂತ ನಿಯಮ ಇದೆ. ಅದು ನಾವು ಕೇಳಿ ಹಾಕಿಸಿಕೊಳ್ಳುವ ಆಕ್ಸೆಸರಿ ಅಲ್ಲ.

ದೊಡ್ಡ ಏಟು ಬಿದ್ದದ್ದು ಇನ್ಶೂರೆನ್ಸಿನಲ್ಲಿ. ಶೋರೂಮಿನವರು ತಗೊಂಡದ್ದು 54,300. ಅದೇ ಕಂಪನಿಯ ಪಾಲಿಸಿ, ಅದೇ ಐಡಿವಿ (ಗಾಡಿ ಪೂರ್ತಿ ಹೋದರೆ ಸಿಗುವ ಮೊತ್ತ), ಅದೇ ಜೀರೋ ಡೆಪ್ (ಬಿಡಿಭಾಗ ಹಳತಾಯಿತು ಅಂತ ಕ್ಲೇಮಿನಲ್ಲಿ ಕಡಿತ ಮಾಡದ ಕವರ್), ನಾನು ಆನ್‌ಲೈನಿನಲ್ಲಿ ಹಾಕಿ ನೋಡಿದರೆ 35 ಸಾವಿರದ ಆಸುಪಾಸು. ಯಾಕಿಷ್ಟು ವ್ಯತ್ಯಾಸ? ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ) ಕಡ್ಡಾಯ, 2018ರ ಸೆಪ್ಟೆಂಬರಿನಿಂದ. ಅದರ ದರ ಸರ್ಕಾರ ನಿಗದಿ ಮಾಡುತ್ತೆ. 2022ರಲ್ಲಿ ಮಾಡಿದ ದರದಂತೆ 1000ದಿಂದ 1500 ಸಿಸಿಯ ಕಾರಿಗೆ ಮೂರು ವರ್ಷಕ್ಕೆ 10,640 ರೂಪಾಯಿ, ಜಿಎಸ್‌ಟಿ ಬೇರೆ. ಅಲ್ಲಿ ಯಾರೂ ಆಟ ಆಡಕ್ಕಾಗಲ್ಲ. ಆಟ ಇರುವುದು ಓನ್ ಡ್ಯಾಮೇಜ್, ಅಂದ್ರೆ ನಮ್ಮ ಗಾಡಿಗೇ ಆಗುವ ಹಾನಿಯ ಭಾಗದಲ್ಲಿ. ಅಲ್ಲಿ ಹೊರಗಡೆ ಒಳ್ಳೆ ರಿಯಾಯಿತಿ ಸಿಗುತ್ತೆ. ಶೋರೂಮಿನಲ್ಲಿ ಅದು ಕಮಿಷನ್ ಆಗುತ್ತೆ.

ಇದಕ್ಕಿಂತ ಬೇಜಾರಿನ ವಿಷಯ ಇನ್ನೊಂದು. ಭಾವ ಹಳೆ ಕಾರಿಗೆ ವರ್ಷಗಟ್ಟಲೆ ಒಂದೂ ಕ್ಲೇಮ್ ಮಾಡಿರಲಿಲ್ಲ. ಅದಕ್ಕೆ ಪ್ರೀಮಿಯಂನ ಓನ್ ಡ್ಯಾಮೇಜ್ ಭಾಗದಲ್ಲಿ ಸಿಗುವ ರಿಯಾಯಿತಿ, 50 ಪರ್ಸೆಂಟ್ ನೋ ಕ್ಲೇಮ್ ಬೋನಸ್ (ಎನ್‌ಸಿಬಿ) ಇತ್ತು. ಅದು ಗಾಡಿಗೆ ಸೇರಿದ್ದಲ್ಲ, ಮಾಲೀಕನಿಗೆ ಸೇರಿದ್ದು. ಹಳೆ ಗಾಡಿ ಮಾರಿದ ಮೇಲೆ ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ ಪತ್ರ ತಗೊಂಡರೆ ಹೊಸ ಗಾಡಿಗೆ ಬಳಸಬಹುದು, ಮೂರು ವರ್ಷ ಟೈಮ್ ಇರುತ್ತೆ. ಶೋರೂಮಿನವರೇ ಹಳೆ ಕಾರನ್ನು ಎಕ್ಸ್‌ಚೇಂಜಿಗೆ ತಗೊಂಡಿದ್ದರು. ಪಾಲಿಸಿ ಅವರ ಕೈಯಲ್ಲೇ ಇತ್ತು. ಆದರೂ ಈ ವಿಷಯ ಒಬ್ಬರೂ ಬಾಯಿ ಬಿಡಲಿಲ್ಲ. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇಲ್ಲೇ.

"ಹೊರಗಡೆ ಇನ್ಶೂರೆನ್ಸ್ ಮಾಡಿಸಿದ್ರೆ ನಮ್ಮ ಸರ್ವಿಸ್ ಸೆಂಟರಿನಲ್ಲಿ ಕ್ಯಾಶ್‌ಲೆಸ್ ಸಿಗಲ್ಲ" ಅಂತ ಹೆದರಿಸುತ್ತಾರೆ. ಕ್ಯಾಶ್‌ಲೆಸ್ ಸಿಗೋದು ಆ ವರ್ಕ್‌ಶಾಪಿಗೂ ಇನ್ಶೂರೆನ್ಸ್ ಕಂಪನಿಗೂ ಒಪ್ಪಂದ ಇದ್ದರೆ. ಪಾಲಿಸಿ ಯಾರ ಕೈಯಿಂದ ತಗೊಂಡಿರಿ ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಕಂಪನಿಯ ವೆಬ್‌ಸೈಟಿನಲ್ಲಿ ಗ್ಯಾರೇಜ್ ಪಟ್ಟಿ ಇರುತ್ತೆ, ನೋಡಿಕೊಳ್ಳಿ.

ಲೋನಿನ ವಿಷಯಕ್ಕೆ ಬರೋಣ. ಆರು ಲಕ್ಷ, ಐದು ವರ್ಷ. "ಬರೀ 7 ಪರ್ಸೆಂಟ್ ಸರ್, ಬ್ಯಾಂಕಿನಲ್ಲಿ 9 ಇದೆ" ಅಂದರಂತೆ. ಕೇಳಿದವರಿಗೆ ಖುಷಿ ಆಗೋದು ಸಹಜ. ಆದರೆ ಅದು ಫ್ಲಾಟ್ ರೇಟ್. ನೀವು ತಿಂಗಳು ತಿಂಗಳು ಅಸಲು ತೀರಿಸಿದರೂ ಬಡ್ಡಿ ಮಾತ್ರ ಪೂರ್ತಿ ಆರು ಲಕ್ಷದ ಮೇಲೆ ಐದು ವರ್ಷವೂ ನಡೀತಾ ಇರುತ್ತೆ. ಬಡ್ಡಿ 2,10,000, ಇಎಂಐ 13,500. ಬ್ಯಾಂಕಿನವರು ಹೇಳುವ 9 ಪರ್ಸೆಂಟ್ ರೆಡ್ಯೂಸಿಂಗ್, ಅಂದ್ರೆ ಉಳಿದ ಬಾಕಿಗೆ ಮಾತ್ರ ಬಡ್ಡಿ. ಅದರಲ್ಲಿ ಇದೇ ಸಾಲಕ್ಕೆ ಇಎಂಐ 12,455. ಐದು ವರ್ಷಕ್ಕೆ 62 ಸಾವಿರಕ್ಕೂ ಮೇಲೆ ವ್ಯತ್ಯಾಸ! ಆ 7 ಫ್ಲಾಟ್ ಅನ್ನೋದು ಬ್ಯಾಂಕಿನ ಲೆಕ್ಕದಲ್ಲಿ ಸುಮಾರು 12.5 ಪರ್ಸೆಂಟ್ ಆಗುತ್ತೆ. ಬಾಯಿಮಾತಿನ ರೇಟು ನಂಬಬೇಡಿ. ಆರ್‌ಬಿಐ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಇಂಥ ಲೋನುಗಳಿಗೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅಂತ ಒಂದು ಹಾಳೆ ಕೊಡಲೇಬೇಕು. ಅದರಲ್ಲಿ ಎಪಿಆರ್ ಅಂತ ಒಂದು ಅಂಕಿ ಇರುತ್ತೆ. ಪ್ರೊಸೆಸಿಂಗ್ ಫೀ ಎಲ್ಲ ಸೇರಿದ ಅಸಲಿ ದರ ಅದು. ಎರಡು ಕಡೆಯ ಎಪಿಆರ್ ಪಕ್ಕಪಕ್ಕ ಇಟ್ಟು ನೋಡಿ.

ಈಗ ಆಯುಧ ಪೂಜೆಯ ದಿನದ ಕಥೆ. ಆವತ್ತೇ ಗಾಡಿ ಮನೆಗೆ ಬರಬೇಕು ಅಂತ ಇವರು ಹೇಳಿದ್ದು ಶೋರೂಮಿನವರಿಗೆ ಗೊತ್ತು. ಆ ದಿನ ಅಲ್ಲಿ ಜಾತ್ರೆ. ಸಾಲಾಗಿ ಗಾಡಿಗಳು, ಹಾರ, ಕುಂಬಳಕಾಯಿ, ನಿಂಬೆಹಣ್ಣು. ಕೇಕ್ ಕಟ್ ಮಾಡಿಸಿದರು, ದೊಡ್ಡ ರಟ್ಟಿನ ಕೀ ಕೈಗೆ ಕೊಟ್ಟು ಫೋಟೋ ತೆಗೆದರು. ರಾಹುಕಾಲ ಬರೋದರೊಳಗೆ ಗಾಡಿ ಹೊರಡಬೇಕು ಅಂತ ಅಕ್ಕನಿಗೆ ಅವಸರ. ಆ ಗದ್ದಲದಲ್ಲೇ ಒಂದು ಕಟ್ಟು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಅದರಲ್ಲಿ 'ಗಾಡಿ ಪರೀಕ್ಷಿಸಿ ತೃಪ್ತಿಯಾಗಿದೆ' ಅನ್ನೋದೂ ಒಂದು. ಆಮೇಲೆ ಆರ್‌ಸಿ ಬಂದಾಗ ನೋಡಿದರೆ ಗಾಡಿ ತಯಾರಾದದ್ದು ಹಿಂದಿನ ವರ್ಷ. ಮಾರುವಾಗ ಬೆಲೆ ಕಟ್ಟೋದು ಆ ವರ್ಷ ನೋಡಿಯೇ. ಹಳೆ ಸ್ಟಾಕಿಗೆ ಸಿಗಬೇಕಾದ ದೊಡ್ಡ ರಿಯಾಯಿತಿಯೇ ಬೇರೆ, ಇವರಿಗೆ ಅದನ್ನೇ ಹೊಸದು ಅಂತ ಕೊಟ್ಟರು.

ಮುಹೂರ್ತ ಇಟ್ಟುಕೊಳ್ಳಿ, ಬೇಡ ಅನ್ನಲ್ಲ, ನಮ್ಮ ಮನೆಯಲ್ಲೂ ಇಟ್ಟುಕೊಳ್ತೀವಿ. ಆದರೆ ಗಾಡಿ ನೋಡುವ ಕೆಲಸ ರಿಜಿಸ್ಟ್ರೇಷನ್‌ಗೆ ಮುಂಚೆ, ಒಂದು ವಾರ ಮೊದಲೇ, ಯಾರ್ಡಿನಲ್ಲಿ ಹಗಲು ಹೊತ್ತಿನಲ್ಲಿ ಮುಗಿಸಿ. ಚಾಸಿ ನಂಬರ್ ಬರೆಸಿಕೊಳ್ಳಿ. ಶೋರೂಮಿನವರು ಕೊಡುವ ಮಾರಾಟದ ಪತ್ರ, ಫಾರ್ಮ್ 21ರಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ನೋಡಿ. 2324 ಅಂತಿದ್ದರೆ 2024ರ 23ನೇ ವಾರದ ಟೈರು. ಸ್ಟೆಪ್ನಿಯದ್ದೂ ನೋಡಿ. ಒಮ್ಮೆ ನಿಮ್ಮ ಹೆಸರಿಗೆ ರಿಜಿಸ್ಟರ್ ಆದ ಮೇಲೆ "ಈ ಗಾಡಿ ಬೇಡ, ಬೇರೆ ಕೊಡಿ" ಅನ್ನೋದು ಬಹಳ ಕಷ್ಟ.

ಬುಕ್ಕಿಂಗ್ ದುಡ್ಡನ್ನು ಸೇಲ್ಸ್ ಹುಡುಗನ ಫೋನ್ ನಂಬರಿಗೆ ಹಾಕಬೇಡಿ. ಶೋರೂಮಿನ ಬ್ಯಾಂಕ್ ಖಾತೆಗೇ ಹಾಕಿ, ರಸೀದಿ ತಗೊಳ್ಳಿ. ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್ ಅನ್ನೋದೂ ಅದರಲ್ಲೇ ಬರೆದಿರಲಿ.

ಭಾವ ಸುಮ್ನೆ ಬಿಡಲಿಲ್ಲ. ಕೊಟೇಶನ್ ಮತ್ತು ಬಿಲ್ ಎರಡನ್ನೂ ಸೇರಿಸಿ ಕಾರು ಕಂಪನಿಯ ಕಸ್ಟಮರ್ ಕೇರ್‌ಗೆ ಮೇಲ್ ಹಾಕಿದರು. ಹ್ಯಾಂಡ್ಲಿಂಗ್ ಚಾರ್ಜ್ 8,500 ಖಾತೆಗೆ ವಾಪಸ್ ಬಂತು, ಯಾಕೆ ತಗೊಂಡಿದ್ದರು ಅನ್ನೋದಕ್ಕೆ ಉತ್ತರ ಬರಲಿಲ್ಲ. ಆರ್‌ಟಿಒ ಸಾಲಿನ ಲೆಕ್ಕ ಕೇಳಿ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದಾರೆ. ನಿಮಗೂ ಹೀಗಾಗಿದ್ದರೆ ಅಲ್ಲಿಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮಾಡುವ ಮುಂಚೆ ಕೊಟೇಶನ್ನಿನ ಬಿಳಿ ಹಾಳೆಯೂ ಕೈಯಲ್ಲಿರಲಿ. ಡೆಲಿವರಿ ದಿನ ಅದನ್ನು ವಾಪಸ್ ಕೇಳುತ್ತಾರೆ, ಕೊಡಬೇಡಿ.