ಡೀಸೆಲ್ ಫೋರ್‌ವೀಲ್ ಡ್ರೈವ್‌ಗೆ ಇಎಲ್ಎಂ 327 ಸ್ಕ್ಯಾನರ್: ಎಷ್ಟು ನಂಬಬಹುದು?

ಕಾಮನ್ ರೈಲ್ ಎಂಜಿನ್ (ಎಲ್ಲ ಇಂಜೆಕ್ಟರ್‌ಗಳಿಗೂ ‘ರೈಲ್’ ಎಂಬ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವಂಥದ್ದು) ಏರಿನಲ್ಲಿ ಎಳೆಯದೆ ಲಿಂಪ್ ಮೋಡ್‌ಗೆ (ಎಂಜಿನ್ ತಾನೇ ಶಕ್ತಿ ತಗ್ಗಿಸಿಕೊಳ್ಳುವ ಸ್ಥಿತಿಗೆ) ಹೋದಾಗ, ವಾಹನದ ಒಬಿಡಿ ಸಾಕೆಟ್‌ಗೆ ಸಿಕ್ಕಿಸಿ ಮೊಬೈಲ್ ಆ್ಯಪ್‌ನಲ್ಲಿ ದೋಷದ ಕೋಡ್ ಓದುವ ಈ ಪುಟ್ಟ ಬ್ಲೂಟೂತ್ ಅಡಾಪ್ಟರ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಆದರೆ ಕೋಡ್ ಓದಿ ಅಲ್ಲಿಗೇ ನಿಲ್ಲಬೇಡಿ. ಪಿ0087 ಅಂದರೆ ರೈಲ್‌ನಲ್ಲಿ ಒತ್ತಡ ಕಡಿಮೆ ಎಂದಷ್ಟೇ; ಪಂಪ್ ಹೋಯಿತೆಂದಲ್ಲ. ಮೊದಲು ಡೀಸೆಲ್ ಫಿಲ್ಟರ್ ಬದಲಿಸಿ, ಪೈಪು ಗಾಳಿ ಎಳೆಯುತ್ತಿದೆಯೇ ನೋಡಿ, ಆಮೇಲೆ ಇಂಜೆಕ್ಟರ್‌ಗಳ ರಿಟರ್ನ್ (ಟ್ಯಾಂಕಿಗೆ ಮರಳುವ ಡೀಸೆಲ್) ಒಂದೊಂದಕ್ಕೂ ಬಾಟಲಿ ಹಿಡಿದು ಅಳೆಯಿರಿ. ನಾಲ್ಕರಲ್ಲಿ ಒಂದರ ಬಾಟಲಿ ಮಾತ್ರ ಬೇಗ ತುಂಬಿದರೆ ಒತ್ತಡ ಸೋರುತ್ತಿರುವುದು ಅಲ್ಲೇ. ಪಿ0299 (ಟರ್ಬೊ ಒತ್ತಡ ಕಡಿಮೆ) ಬಂದರೆ ಎಂಜಿನ್ ಆರಿಸಿ, ಕೀ ಆನ್ ಮಾಡಿ: ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಸಮುದ್ರಮಟ್ಟದಲ್ಲಿ ಸುಮಾರು 100 ಕಿಲೋಪಾಸ್ಕಲ್ ತೋರಿಸಬೇಕು. ಸರಿಯಿದ್ದರೆ ಟರ್ಬೊದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್‌ನ ಹೋಸ್ ಪರೀಕ್ಷಿಸಿ. ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಕೋಡ್‌ಗಳನ್ನು ಸಾಮಾನ್ಯ ಆ್ಯಪ್‌ಗಳು ಓದುವುದಿಲ್ಲ, ಇದು ದೊಡ್ಡ ಕೊರತೆಯೇ. ಸಾಕೆಟ್‌ನ 16ನೇ ಪಿನ್‌ಗೆ ಸದಾ ಬ್ಯಾಟರಿ ಕರೆಂಟ್ ಇರುತ್ತದೆ. ಬ್ಯಾಟರಿ ಇಳಿಯದಂತೆ ಕೆಲಸ ಮುಗಿದ ಕೂಡಲೇ ಅಡಾಪ್ಟರ್ ಕಿತ್ತಿಡಿ.